ಹನ್ನೆರಡು ಅಡಿ ಸಮುದ್ರ

ಜಾಲಹಳ್ಳಿಯ ಹಳೇ ರೇಷ್ಮೆ ಫಾರಮ್ಮು ಒಂದು ದ್ವೀಪ ಅಂತ
ನನಗೆ ಗೊತ್ತಾದದ್ದು ಅದರ ನಕ್ಷೆ ಬರೆಯಲು ಕೂತಾಗ.
ಮೂರು ಕಡೆ ಡಾಂಬರು, ಒಂದು ಕಡೆ ಗೋಡೌನು,
ಒಳಗೆ ಎಂಟೆಕರೆ: ಕೊಯ್ಯುವವರಿಲ್ಲದೆ ಮರವಾದ ಹಿಪ್ಪುನೇರಳೆ,
ಹೊಂಗೆ, ಬಸರಿ, ಒಂದು ಬಿದಿರ ಮೆಳೆ,
ಮತ್ತು ಎಣಿಸಿದ ಪ್ರಕಾರ ಹದಿನೇಳು ಕಾಡುಪಾಪ.

ಎಣಿಸುವುದು ಅಂದರೆ ಹೀಗೆ:
ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ
ರಾತ್ರಿ ಹತ್ತರ ಮೇಲೆ ಕತ್ತೆತ್ತಿ ನಡೆಯುವುದು.
ಎರಡು ಕೆಂಡ ಕಂಡರೆ ಒಂದು ಅಂತ ಬರೆಯುವುದು.
ಮೂರು ಕಂಡರೆ, ಕಾವಲಿನ ಮುನಿಯಲ್ಲಪ್ಪ ಹೇಳುತ್ತಾನೆ,
'ಒಂದು ಕಣ್ಣು ಎಲೆ ಮರೇಲೈತೆ, ಎರಡು ಅಂತ್ಲೇ ಬರ್ಕಳಿ ಮೇಡಂ,
ಹೊಟ್ಟೆಗೆ ಕಚ್ಕಂಡಿರೋ ಮರಿ ನಮಗೆಲ್ಲಿ ಕಾಣ್ತದೆ.'

ಪಾಪ ಅಂದರೆ ಮಗು. ಪಾಪ ಅಂದರೆ ಅಯ್ಯೋ.
ಪಾಪ ಅಂದರೆ ಮಾಡಿದವರು ಉಣ್ಣಬೇಕಾದದ್ದು;
ಇಲ್ಲಿ ಮಾತ್ರ ಮಾಡಿದವರು ಬೇರೆ, ಉಣ್ಣುವವರು ಬೇರೆ.
ಯೋಜನೆ ಟೈಪು ಮಾಡುತ್ತಿದ್ದ ಹೊನ್ನೂರಮ್ಮ ಕೇಳಿದಳು:
'ಪಾಪ ರಕ್ಷಣೆ ಅಂತ ಬರೆದರೆ ಸಾಹೇಬರು ನಗಲ್ವಾ?'
ನಾನು 'ಕಾಡು' ಸೇರಿಸಿದೆ. ಆಗಲೂ ನಕ್ಕರು.
'ಜಾಲಹಳ್ಳೀಲಿ ಕಾಡೆಲ್ಲಿದೆಯಮ್ಮಾ?'

ಕಾಡುಪಾಪ ಜಿಗಿಯುವುದಿಲ್ಲ.
ಕೋತಿಯ ಹಾಗಲ್ಲ, ಅಳಿಲಿನ ಹಾಗೂ ಅಲ್ಲ.
ಒಂದು ಕೈ ಹಿಡಿದ ಮೇಲೇ ಇನ್ನೊಂದು ಕೈ ಬಿಡುವುದು,
ನಮ್ಮಜ್ಜಿ ಬಚ್ಚಲಿಗೆ ಹೋಗುತ್ತಿದ್ದ ಹಾಗೆ:
ಗೋಡೆ, ಬಾಗಿಲು, ಹಂಡೆಯ ಕಂಠ.
ಆದ್ದರಿಂದ ರಸ್ತೆಯಾಚೆಯ ಹುಣಸೆತೋಪಿಗೂ
ಈಚೆಯ ಬಸರಿಯ ಕೊನೆಯ ಕೊಂಬೆಗೂ ನಡುವೆ ಇರುವುದು
ಹನ್ನೆರಡು ಅಡಿ ಗಾಳಿಯಲ್ಲ, ಹನ್ನೆರಡು ಅಡಿ ಸಮುದ್ರ.
ಈ ಹದಿನೇಳು ತಮ್ಮತಮ್ಮಲ್ಲೇ ಸಂಬಂಧ ಬೆಳೆಸಿಕೊಂಡು
ಎಷ್ಟು ತಲೆಮಾರು ಉಳಿಯಬಹುದು
ಎಂಬ ಲೆಕ್ಕ ಒಂಬತ್ತನೇ ಪುಟದಲ್ಲಿದೆ. ಹಾಕಿದವಳು ನಾನೇ.
ಇನ್ನೊಂದು ಸಲ ಓದಲಿಲ್ಲ.

ಸಭೆಯಲ್ಲಿ ಬೋಂಡಾ ಇತ್ತು.
ರಸ್ತೆ ಅಗಲ ಮಾಡುವವರು, ಕರೆಂಟಿನವರು, ಕೇಬಲ್ಲಿನವರು,
ಜಾಗ ಇನ್ನೂ ನಮ್ಮದೇ ಅನ್ನುವ ರೇಷ್ಮೆಯವರು.
'ಅಭಯಧಾಮ' ಅಂತ ನಕ್ಷೆಯೊಳಗೆ ಬರೆಯಲು
ಅಕ್ಷರ ಚಿಕ್ಕದು ಮಾಡಬೇಕಾಯಿತು, ಜಾಗ ಸಾಲದೆ.
ವಾಹನ ನಿಲ್ಲಿಸಲು ಒಂದೆಕರೆ ಕೇಳಿದರು. ಕಾಲೆಕರೆ ಕೊಟ್ಟೆವು.
ಕೊಟ್ಟದ್ದರಲ್ಲಿ ಒಂದು ಹೊಂಗೆ ಇತ್ತು.
ಆ ಹೊಂಗೆಯಲ್ಲಿ...
ಇರಲಿ.

ಹಗ್ಗ ಕಟ್ಟಿದವನು ಲೈನ್‌ಮ್ಯಾನ್ ಖಲೀಲ್.
ತೆಂಗಿನ ನಾರಿನದು, ಹೆಬ್ಬೆರಳ ದಪ್ಪ.
'ನೈಲಾನ್ ಬ್ಯಾಡ, ಅದರ ಕೈ ಮಕ್ಕಳ ಕೈ' ಅಂದ.
ರಂಜಾನಿನ ಕೊನೇ ವಾರ. ಸಹರಿ ಮುಗಿಸಿ ಏಣಿ ಹತ್ತಿ
ಬಸ್ಸುಗಳು ಏಳುವ ಮೊದಲು ಎರಡು ಗಂಟು ಬಿಗಿದ.
ಜೊತೆಗೆ ಒಂದು ತಂತಿಯನ್ನು ನಾಲ್ಕಡಿ ದೂರ ಸರಿಸಿದ,
ಯಾರ ಅಪ್ಪಣೆಯೂ ಇಲ್ಲದೆ. ಅದು ಯೋಜನೆಯಲ್ಲಿಲ್ಲ.

ಹತ್ತು ರಾತ್ರಿ ಕೂತೆವು, ನಾನು, ಮುನಿಯಲ್ಲಪ್ಪ, ಒಂದು ಫ್ಲಾಸ್ಕು.
ಅಳಿಲು ಹಗಲಲ್ಲೇ ದಾಟಿತ್ತು. ಇರುವೆ ಸಾಲು ಹಿಡಿದಿತ್ತು.
ಯಾವುದೋ ಹುಡುಗರ ಗಾಳಿಪಟ ಸಿಕ್ಕಿಕೊಂಡಿತ್ತು.
ಹನ್ನೊಂದನೇ ರಾತ್ರಿ, ಒಂದೂವರೆಗೆ,
ಬಸರಿಯ ತುದಿಯಲ್ಲಿ ಎರಡು ಕೆಂಡ.
ಒಂದು ಕೈ.
ಆಮೇಲೆ ಒಂದು ಕೈ.
ಕೆಳಗೆ ಸಿಮೆಂಟ್ ಮಿಕ್ಸರ್ ಲಾರಿ ಹೋಯಿತು; ಹಗ್ಗ ನಡುಗಿತು;
ಅದು ಹಗ್ಗವನ್ನೇ ಅಪ್ಪಿಕೊಂಡು ನಿಂತಿತು.
ಮುನಿಯಲ್ಲಪ್ಪ ಉಸಿರಲ್ಲೇ 'ಬಾರೋ, ಬಾ' ಅನ್ನುತ್ತಿದ್ದ.
ನಟ್ಟನಡುವಿಗೆ ಬಂತು. ಹುಣಸೆಯ ಕಡೆ ಮೂಗೆತ್ತಿ ಮೂಸಿತು,
ತುಂಬಾ ಹೊತ್ತು.
ತಿರುಗಿ ಹೋಯಿತು.

ದಾಖಲೆ ಪುಸ್ತಕದಲ್ಲಿ ಇರುವುದು ಎರಡೇ ಕಾಲಂ:
ದಾಟಿದೆ, ದಾಟಿಲ್ಲ.
ಆರಡಿ ಸಮುದ್ರಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ: ಹಗ್ಗದ ಪರಿಚಯವಾಯಿತು.
ಕೆಳಗೆ ಸಾಕ್ಷಿಯ ಸಹಿ ಹಾಕಿದ ಮುನಿಯಲ್ಲಪ್ಪ
ತಾರೀಕಿನ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚಿದ.
'ಇರ್ಲಿ ಮೇಡಂ, ನಾಳೆ ಹಾಕಿದ್ರಾಯ್ತು.'